ಪುಕ್ಕಟೆ ಗಾಳಿಯ ಪೆಟ್ರೋಲ್ ಬಂಕು

ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡಿದವನಿಗೆ ನಗುವಿಗೇನೂ ಬರವಿಲ್ಲ. ಗಾಡಿ ನಿಲ್ಲಿಸಿದವರು ಇರುವುದು ಎರಡೇ ನಿಮಿಷ. ಅಷ್ಟರಲ್ಲೇ ಏನಾದರೊಂದು ಮಾಡಿಟ್ಟು ಹೋಗುತ್ತಾರೆ.

ನಮ್ಮದು ಹೊಣಕೆರೆಯಿಂದ ನಾಗಮಂಗಲಕ್ಕೆ ಹೋಗುವ ರಸ್ತೆ ಬದಿಯ ಪುಟ್ಟ ಬಂಕು. ಒಂದು ಪಂಪು, ಟೈರಿಗೆ ಗಾಳಿ ಹಿಡಿಯುವ ಒಂದು ಯಂತ್ರ, ಒಂದು ಹೊಂಗೆ ಮರ, ಮರದ ಕೆಳಗೆ ಕುರ್ಚಿ ಹಾಕಿಕೊಂಡ ನಮ್ಮ ಯಜಮಾನರು. ಪೆಟ್ರೋಲ್ ಹಾಕುವವನು ನಾನು. ತೊಂಬತ್ತರ ದಶಕದ ಮಾತು, ನನಗಾಗಲೇ ಮೂವತ್ತು ದಾಟಿತ್ತು. ಎದುರಿಗೆ ಕೆರೆ. ಯುಗಾದಿ ಕಳೆದ ಮೇಲೆ ಹೊಂಗೆ ಹೂವು ಪಂಪಿನ ತಲೆಯ ಮೇಲೆ ಅಕ್ಷತೆ ಕಾಳಿನ ಹಾಗೆ ಉದುರುತ್ತಲೇ ಇರುತ್ತಿತ್ತು. ಆ ಬಂಕು ಈಗಿಲ್ಲ. ಆದರೂ ಮಧ್ಯಾಹ್ನ ಉಂಡು ಕಣ್ಣು ಎಳೆಯುವ ಹೊತ್ತಿಗೆ ಕೆರೆ ಗಾಳಿಯ ಜೊತೆ ಪೆಟ್ರೋಲಿನ ವಾಸನೆ ಎಲ್ಲಿಂದಲೋ ತೇಲಿ ಬರುತ್ತದೆ. ಹೆಂಡತಿಗೆ ಹೇಳಿದರೆ, "ಒಲೆ ಅಚ್ಚಿವ್ನಿ, ಆ ಕನಸ ದೂರ ಕೂತ್ಕೊಂಡು ಕಾಣಿ" ಎನ್ನುತ್ತಾಳೆ.

ಬಿಸಿಲುಗುದುರೆ

ಬೇಸಿಗೆ ಮಧ್ಯಾಹ್ನ ನಮ್ಮ ರಸ್ತೆಯ ತುದಿಯಲ್ಲಿ ಬಿಸಿಲುಗುದುರೆ ಏಳುತ್ತಿತ್ತು. ಟಾರಿನ ಮೇಲೆ ನೀರು ನಿಂತ ಹಾಗೆ, ಅದರೊಳಗೆ ಏನೋ ಅಲುಗಾಡಿದ ಹಾಗೆ. ಯಜಮಾನರು, "ಏಳ್ಲಾ, ಗಿರಾಕಿ ಬತ್ತಾವ್ನೆ" ಎನ್ನುತ್ತಿದ್ದರು. ನಾನು ಪೈಪು ಹಿಡಿದು ನಿಲ್ಲುತ್ತಿದ್ದೆ. ಯಾರೂ ಇಲ್ಲ. ಮತ್ತೆ ಕೂರುತ್ತಿದ್ದೆ. ದಿನಕ್ಕೆ ಹತ್ತು ಸಲ ಇದೇ ಆಗಿ, ಒಂದು ದಿನ ನಾನು ಏಳಲೇ ಇಲ್ಲ. ಆ ನೀರಿನೊಳಗಿಂದ ಒಬ್ಬ ಮನುಷ್ಯ ಸ್ಕೂಟರ್ ತಳ್ಳಿಕೊಂಡು ನಿಧಾನವಾಗಿ ಬರುವುದು ಕಾಣುತ್ತಿತ್ತು. ಎಷ್ಟು ಚೆಂದದ ಕನಸು ಅಂತ ನೋಡುತ್ತಲೇ ಕೂತೆ. ಅವನು ಬಂದು ಪಂಪಿನ ಮುಂದೆ ನಿಂತು ಬೆವರು ಒರೆಸಿಕೊಂಡ.

"ಮೂರು ಮೈಲಿಯಿಂದ ತಳ್ಕೊಂಡು ಬತ್ತಾವ್ನಿ. ಎದ್ದೇಳಕ್ಕೂ ಆಗಕಿಲ್ವೇನಯ್ಯಾ?"

"ತಪ್ಪು ತಿಳ್ಕೋಬೇಡಿ ಅಣ್ಣ. ನೀವು ನಿಜವೋ ಸುಳ್ಳೋ ಗೊತ್ತಾಗ್ನಿಲ್ಲ."

"ಮೊದ್ಲು ಪೆಟ್ರೋಲ್ ಆಕು. ಅನುಮಾನ ಆಮೇಲೆ ಪಡೀವಂತೆ" ಎಂದ.

ಎತ್ತಿನ ಗಾಡಿ

ನಮ್ಮ ಕಾಯಂ ಗಿರಾಕಿ ಪಕ್ಕದ ಹಳ್ಳಿಯ ಒಬ್ಬ ವಯಸ್ಸಾದ ಗೌಡರು. ಅವರದು ಟೈರಿನ ಎತ್ತಿನ ಗಾಡಿ. ತಿಂಗಳಿಗೊಮ್ಮೆ ತಪ್ಪದೆ ಬಂದು ಎರಡು ಚಕ್ರಕ್ಕೂ ಗಾಳಿ ಹಿಡಿಸಿಕೊಂಡು, ನಮ್ಮ ಕೊಡದಿಂದ ಎರಡು ಲೋಟ ನೀರು ಕುಡಿದು, ಯಜಮಾನರ ಎಲೆಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಗಾಳಿ ಪುಕ್ಕಟೆ. ಒಂದು ದಿನ ಯಜಮಾನರು ಕೇಳಿಯೇಬಿಟ್ಟರು.

"ಅಲ್ಲ ಗೌಡ್ರೇ, ಇಷ್ಟು ವರ್ಸದಲ್ಲಿ ಒಂದು ತೊಟ್ಟಾದ್ರೂ ಪೆಟ್ರೋಲ್ ತಗೊಂಡಿದ್ದೀರಾ ನಮ್ಮತ್ರ?"

ಗೌಡರು ಎತ್ತುಗಳ ಮುಖವನ್ನೇ ನೋಡಿದರು. ನಿಜಕ್ಕೂ ನೊಂದುಕೊಂಡರು.

"ಇವು ಕುಡಿಯಂಗಿದ್ರೆ ನಾನು ಬೇರೆ ಬಂಕ್ಗೆ ಓಯ್ತಿದ್ನಾ ಯಜಮಾನ್ರೇ?"

ಟೋಪಿ

ಅಷ್ಟರಲ್ಲಿ ನಾಗಮಂಗಲದ ಹತ್ತಿರ ದೊಡ್ಡ ಬಂಕು ಬಂತು. ನಮ್ಮ ಗಿರಾಕಿಗಳು ಒಬ್ಬೊಬ್ಬರೇ ಆ ಕಡೆ ಕರಗಿದರು. ನಮ್ಮಲ್ಲಿಗೆ ಗಾಳಿಗೆ, ನೀರಿಗೆ, ಬಸ್ಸು ಕಾಯುವುದಕ್ಕೆ, ಬಿಂಡಿಗನವಿಲೆಗೆ ದಾರಿ ಕೇಳುವುದಕ್ಕೆ ಮಾತ್ರ ಬರತೊಡಗಿದರು. ಯಜಮಾನರು ನನ್ನನ್ನು ಅಲ್ಲಿಗೆ ಕಳಿಸಿದರು, ನೋಡಿಕೊಂಡು ಬಾ ಅಂತ.

"ಎಂಗೈತ್ಲಾ?"

"ಮ್ಯಾಕೆ ದೊಡ್ಡ ಸೂರು ಐತೆ ಯಜಮಾನ್ರೇ, ಲೈಟು ಐತೆ. ಎಲ್ಲಾರ್ಗೂ ಟೋಪಿ ಆಕವ್ರೆ."

ಯಜಮಾನರ ಮುಖ ಅರಳಿತು. "ಟೋಪಿ ಆಕ್ತಾವ್ರಾ? ಅಂಗಾದ್ರೆ ಬುಡು, ಜನ ತಿರ್ಗಾ ಇಲ್ಗೇ ಬತ್ತಾರೆ!"

ಮೋಸದ ಟೋಪಿಯಲ್ಲ, ಕೆಲಸದವರ ತಲೆ ಮೇಲಿನ ಬಟ್ಟೆಯ ಟೋಪಿ ಅಂತ ಬಿಡಿಸಿ ಹೇಳುವಷ್ಟರಲ್ಲಿ ನನಗೇ ಪಾಪ ಅನ್ನಿಸಿತು. ಮಾರನೆಯ ದಿನವೇ ಯಜಮಾನರು ಸಂತೆಯಿಂದ ನನಗೂ ಒಂದು ಕೆಂಪು ಟೋಪಿ ತಂದರು. ಹಾಕಿಕೊಂಡು ಠೀವಿಯಿಂದ ನಿಂತೆ. ಮೊದಲು ಬಂದ ಮೊಪೆಡ್ಡಿನವನು ನನ್ನ ತಲೆ ನೋಡಿ ಕೈ ಚಾಚಿದ.

"ತಿರುಪತಿಗೆ ಯಾವಾಗ್ಲಾ ಓಗಿದ್ದೆ? ಲಾಡು ಎಲ್ಲಿ?"

ಬುಧವಾರ

ಕೊನೆಗೆ ಪೆಟ್ರೋಲ್ ಕಂಪನಿಯಿಂದ ಕಾಗದ ಬಂತು. ಬುಧವಾರ ಅಧಿಕಾರಿ ಬಂದು ಇಡೀ ದಿನ ಕೂತು ವ್ಯಾಪಾರ ನೋಡುತ್ತಾರೆ, ಆಗದಿದ್ದರೆ ಬಂಕು ಮುಚ್ಚುತ್ತಾರೆ. ಸುತ್ತಲ ಊರುಗಳಿಗೆಲ್ಲ ಯಜಮಾನರೇ ಸೈಕಲ್ಲಿನಲ್ಲಿ ಹೋಗಿ, "ಬುಧವಾರ ತಪ್ಪದೆ ಗಾಡಿ ತಕ್ಕೊಂಡು ಬನ್ರಪ್ಪ" ಎಂದು ಕೈಮುಗಿದು ಬಂದರು.

ಬುಧವಾರ ಅಧಿಕಾರಿ ಹೊಂಗೆ ಮರದ ಕೆಳಗೆ ಪುಸ್ತಕ ಬಿಚ್ಚಿ ಕೂತರು. ರಸ್ತೆಯ ತುದಿಯಲ್ಲಿ ಬಿಸಿಲುಗುದುರೆ ಎದ್ದಿತು. ಅದರೊಳಗಿಂದ ಸ್ಕೂಟರು, ಮೊಪೆಡ್ಡು, ಬೈಕು ಸಾಲಾಗಿ ಬಂದವು. ನಾನು ಕಣ್ಣುಜ್ಜಿಕೊಂಡೆ. ನಿಜ! ಕೆರೆ ಏರಿಯ ತನಕ ಗಾಡಿಗಳು. ನನಗೆ ಅಳು ಬಂತು. ಪೈಪು ಹಿಡಿದು ಮೊದಲಿನವನ ಹತ್ತಿರ ಓಡಿದೆ.

"ಎಷ್ಟು ಆಕ್ಲಣ್ಣ?"

"ಎಲ್ಲಿಗಾಕೀಯೆ? ಟ್ಯಾಂಕ್ ಪುಲ್ಲಾಗೈತೆ. ಸಾಹೇಬ್ರ ಮುಂದೆ ಪೆಟ್ರೋಲ್ ಮುಗ್ದು ಗಾಡಿ ನಿಂತ್ರೆ ಯಜಮಾನ್ರ ಮರ್ವಾದೆ ಏನಾಗ್ಬೇಕು ಅಂತ ಅಲ್ಲೇ ದೊಡ್ಡ ಬಂಕಲ್ಲಿ ತುಂಬಿಸ್ಕೊಂಡೇ ಬಂದೆ."

ಎರಡನೆಯವನದೂ ಅದೇ, ಮೂರನೆಯವನದೂ ಅದೇ. ಸಾಲಿಗೆ ಸಾಲೇ ಗಾಳಿ ಹಿಡಿಸಿಕೊಂಡಿತು. ಅಧಿಕಾರಿಯ ಪುಸ್ತಕ ಖಾಲಿ. ಯಜಮಾನರು ತಲೆ ತಗ್ಗಿಸಿ ಕೂತುಬಿಟ್ಟರು.

ಸಾಲಿನ ಕೊನೆಗೆ ಎತ್ತಿನ ಗಾಡಿ ಬಂತು. ಗೌಡರು ಇಳಿದು ಒಂದು ಡಬ್ಬ ಚಾಚಿದರು. "ಒಂದು ಲೀಟರ್ ಆಕ್ಲಾ."

ಅಧಿಕಾರಿ ಪೆನ್ನು ತೆಗೆದರು. "ಯಾವ ವಾಹನಕ್ಕೆ?"

"ಕಾಣಾಕಿಲ್ವಾ ಸಾಮಿ? ಈ ಗಾಡಿಗೇಯ."

"ಮೈಲೇಜ್ ಎಷ್ಟು ಕೊಡುತ್ತೆ?"

"ನೀವು ಬಂಕು ಮುಚ್ದೆ ಇದ್ರೆ, ಮುಂದಿನ ತಿಂಗ್ಳು ಬಂದು ಹೇಳ್ತೀನಿ."

ಅಧಿಕಾರಿ ಪುಸ್ತಕ ಮಡಿಸಿ ಮನಸಾರೆ ನಕ್ಕರು. ಒಂದು ತಿಂಗಳು ನೋಡೋಣ, ವ್ಯಾಪಾರ ಏರಿದರೆ ಸರಿ ಎಂದು ಹೇಳಿ ಹೋದರು. ಆ ರಾತ್ರಿ ಯಜಮಾನರು ನೆಮ್ಮದಿಯಾಗಿ ಉಂಡರಂತೆ.

ತಿಂಗಳು ತುಂಬಿದ ದಿನ ಗೌಡರು ಗಾಡಿ ಹೊಡೆದುಕೊಂಡು ಬಂದರು. ನಾನೂ ಯಜಮಾನರೂ ಎದ್ದು ನಿಂತೆವು. ನಾನು ಪಂಪಿನ ಪೈಪಿಗೆ ಕೈ ಹಾಕಿದೆ.

"ಅದು ಬ್ಯಾಡ ಕಣ್ಲಾ, ಗಾಳಿ ಇಡಿ" ಎಂದ ಗೌಡರು, ಹೆಮ್ಮೆಯಿಂದ ಎತ್ತಿನ ಬೆನ್ನು ತಟ್ಟಿದರು. "ಎಂಥಾ ಮೈಲೇಜು ಅಂತೀಯಾ! ಆವತ್ತಿನ ಲೀಟ್ರೇ ಇನ್ನೂ ಮುಗ್ದಿಲ್ಲ."