ನರಕದ ಜಗಳ ನಿಂತ ಮೇಲೆ

ಮನೆಯಲ್ಲಿ ಜಗಳ ನಿಂತರೆ ಸುಖ ಅಂತ ನಂಬಿದ್ದವನು ನಾನು. ನಿಂತ ಮೇಲೆ ಗೊತ್ತಾಯಿತು, ಕೆಲವು ಜಗಳಗಳು ಇರಬೇಕು ಅಂತ. ನಮ್ಮ ಮನೆಯದು ಆಸ್ತಿಯ ಜಗಳವಲ್ಲ, ಅತ್ತೆ ಸೊಸೆಯರದ್ದೂ ಅಲ್ಲ, ನರಕದ್ದು.

ಹರಪನಹಳ್ಳಿಯಲ್ಲಿ ನಮ್ಮಂಥ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಇರುವ ನಾಲ್ಕು ಜನಕ್ಕೂ ಒಂದೇ ಅಭಿಪ್ರಾಯವಾದರೆ ಹೊತ್ತು ಹೋಗುವುದು ಹೇಗೆ? ಅದಕ್ಕೇ ಏನೋ, ಅಪ್ಪ ಮತ್ತು ಸೋದರಮಾವ ದೇವದಾನಪ್ಪ ಪ್ರತಿ ಭಾನುವಾರ ಆರಾಧನೆ ಮುಗಿಸಿ ಬಂದು ನಮ್ಮ ಪಡಸಾಲೆಯಲ್ಲಿ ನರಕದ ಬಾಗಿಲು ತೆಗೆಯುವುದು ಮುಚ್ಚುವುದು ಮಾಡುತ್ತಿದ್ದರು. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದವರು, ಒಬ್ಬ ಹುಡುಗನನ್ನೂ ಫೇಲು ಮಾಡಿದವರಲ್ಲ. ದೇವರೂ ಕೊನೆಗೆ ಒಬ್ಬರನ್ನೂ ಬಿಡದೆ ಪಾಸು ಮಾಡುತ್ತಾನೆ ಅನ್ನುವುದು ಅವರ ವಾದ. ಮಾವ ಬಸ್ ಕಂಡಕ್ಟರ್ ಆಗಿದ್ದವರು. "ಟಿಕೆಟ್ ಇಲ್ದೋರ್ನೂ ಕರ್ಕೊಂಡು ಹೋಗಂಗಿದ್ರೆ ಟಿಕೆಟ್ ತಗಂಡೋರು ಹುಚ್ಚರೇನ್ರಿ ಭಾವ? ನರಕ ಐತಿ. ಒಳಗ ಹೋದೋನು ಹೊರಗ ಬರಂಗಿಲ್ಲ" ಅನ್ನುತ್ತಿದ್ದರು. "ತಂದಿ ಅನ್ನಿಸ್ಕೊಂಡೋನು ಮಕ್ಕಳ್ನ ಬೆಂಕ್ಯಾಗ ಬಿಟ್ಟು ಹೆಂಗ ಊಟಕ್ಕ ಕುಂದರ್ತಾನ ದೇವದಾನ?" ಅಂತ ಅಪ್ಪ. ಒಂದೇ ಬೈಬಲಿನಲ್ಲಿ ಇಬ್ಬರಿಗೂ ಬೇಕಾದ ವಾಕ್ಯ ಸಿಗುತ್ತಿತ್ತು. ನಾನು ಟಿವಿ ಸೌಂಡು ಜಾಸ್ತಿ ಮಾಡುತ್ತಿದ್ದೆ.

ಈ ವಾದಕ್ಕೆ ಖಾಯಂ ಕೇಳುಗ ಪಕ್ಕದ ಮನೆಯ ಕೊಟ್ರಪ್ಪ, ಮೆಕ್ಕೆಜೋಳದ ವ್ಯಾಪಾರಿ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು ಕೂತು, "ನಂದು ಯಾವ ಬಸ್ಸ್ರಿ?" ಅಂತ ನಗುತ್ತಿದ್ದರು. ಮಾವನಿಗೆ ದಾವಣಗೆರೆಯಲ್ಲಿ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದವರು ಅವರೇ. ರಕ್ತಸಂಬಂಧಿಗಳಾದ ನಾವು ಹಗಲು ಹೋಗಿ ಎಳನೀರು ಕೊಟ್ಟು, ಬಸ್ಸು ತಪ್ಪುತ್ತದೆ ಅಂತ ಎದ್ದು ಬರುತ್ತಿದ್ದೆವು.

ಹೋದ ಬೇಸಿಗೆಯಲ್ಲಿ ಕೊಟ್ರಪ್ಪ ತೀರಿಕೊಂಡರು. ಮಣ್ಣು ಮುಗಿದ ಮೇಲೆ ಅವರ ಹೆಂಡತಿ ಗೌರಮ್ಮನವರನ್ನು ಮಾತಾಡಿಸಲು ನಾವು ಮೂವರೂ ಹೋದೆವು. ಗೌರಮ್ಮ ಮಾವನನ್ನು ಕೇಳಿದರು: "ಅಣ್ಣಾರ, ನಿಮ್ಮ ಪ್ರಕಾರ ಇವ್ರು ಈಗ ಎಲ್ಲಿ ಅದಾರ್ರಿ?"

ಮಾತಿನಲ್ಲಿ ಕೊಂಕು ಇರಲಿಲ್ಲ. ದೂರದ ಊರಿಗೆ ಹೋದ ಗಂಡ ಸುಖವಾಗಿ ಮುಟ್ಟಿದನೋ ಇಲ್ಲವೋ ಅಂತ ಕೇಳುವ ದನಿ ಅದು. ಮಾವ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡು, "ನಂಗೊತ್ತಿಲ್ಲವ್ವಾ" ಅಂದರು. ಅಪ್ಪನಿಗೆ ಗೆಲ್ಲಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವರು ಮಾವನ ಬೆನ್ನ ಮೇಲೆ ಕೈಯಿಟ್ಟು ಕೂತರು.

ಅಲ್ಲಿಗೆ ಜಗಳ ನಿಂತಿತು. ಮಾವ ಈಗಲೂ ಭಾನುವಾರ ಬರುತ್ತಾರೆ. ಮಳೆ, ಮಂಡಿನೋವು ಅಂತ ಮಾತಾಡಿ ಹೋಗುತ್ತಾರೆ. ತಡೆಯಲಾರದೆ ಒಮ್ಮೆ ನಾನೇ ನರಕದ ಮಾತು ಎತ್ತಿದೆ. "ಬಿಡಪ್ಪ" ಅಂದರು. ಗೆದ್ದ ಅಪ್ಪನಾದರೂ ಖುಷಿಯಾಗಿದ್ದಾರೆಯೇ? ಅದೂ ಇಲ್ಲ. "ಅವನು ನರಕ ಐತಿ ಅಂತ ಗಟ್ಟಿಯಾಗಿ ಅಂದ್ರೇನೇ ನಂಗ ಇಲ್ಲ ಅನ್ನಾಕ ಧೈರ್ಯ ಬರ್ತಿತ್ತು" ಅಂತ ಒಂದು ದಿನ ನನ್ನ ಹತ್ತಿರ ಅಂದರು.

ಮೊನ್ನೆ ಗೌರಮ್ಮ ಕಾಂಪೌಂಡಿನ ಆಚೆಯಿಂದ ನನ್ನನ್ನು ಕರೆದರು. "ತಮ್ಮಾ, ಹಿರೇರು ಹೇಳಲಿಲ್ಲ. ನೀ ಓದಿದೋನು. ನೀ ಏನಂತಿ?"

ದೇವರ ಹತ್ರ ಅದಾರ ದೊಡ್ಡವ್ವಾ ಅನ್ನಲು ಒಂದು ಉಸಿರು ಸಾಕಿತ್ತು. ಆದರೆ ನಾನು ತಾಲ್ಲೂಕು ಕಚೇರಿಯ ಗುಮಾಸ್ತ. ಬಾಯಿಗೆ ಬಂದದ್ದು ಅಲ್ಲಿ ದಿನವೂ ಬರುವ ಮಾತೇ: "ವಿಚಾರಿಸಿ ಹೇಳ್ತೀನ್ರಿ."

ಅವರು ನಂಬಿಕೊಂಡು ಒಳಗೆ ಹೋದರು. ಅಂದಿನಿಂದ ನಾನು ಹಿತ್ತಲ ಬಾಗಿಲಿನಿಂದಲೇ ಕಚೇರಿಗೆ ಹೋಗುತ್ತಿದ್ದೇನೆ.