ಹನ್ನೆರಡು ಬಳೆ, ಒಂದು ಗುಟ್ಟು

ಕಳೆದ ಬೇಸಿಗೆಯಲ್ಲಿ ನಾನು ಅಡುಗೆಮನೆಯ ನಡುವೆ ನಿಂತು ಘೋಷಿಸಿದೆ: ಇನ್ನು ಮುಂದೆ ನಮ್ಮ ಬಂಡಿಗೆ ಸೆಲ್ಬಿಯ ಕೈ ತಾಗಕೂಡದು! ನೆಲದಲ್ಲೂ ನೀರಲ್ಲೂ ಓಡುವ ಆರು ಗಾಲಿಯ ಬಂಡಿ ನ್ಯೂಫೌಂಡ್‌ಲ್ಯಾಂಡಿನ ನಮ್ಮ ಊರಿನಲ್ಲಿ ಎರಡೇ ಇವೆ. ಇನ್ನೊಂದು ಪಕ್ಕದ ಮನೆಯ ಸೆಲ್ಬಿಯದು; ಅಲ್ಲಿಯವರೆಗೆ ಎರಡನ್ನೂ ರಿಪೇರಿ ಮಾಡುತ್ತಿದ್ದವನು ಅವನೇ.

"ಬೇರಿಂಗ್ ಕೆಲಸ ಅವನಿಗೇ ಬಿಡು ಮಾರಾಯ," ಎಂದಳು ನನ್ನ ಹೆಂಡತಿ ಎಫಿ.

"ಇಪ್ಪತ್ತೆರಡು ವರ್ಷದಿಂದ ಸ್ಕೂಲಲ್ಲಿ ಭೌತಶಾಸ್ತ್ರ ಹೇಳಿಕೊಡ್ತಿದೀನಿ ಕಣೇ."

"ನನ್ನ ಭಯಾನೂ ಅದೇ."

ಭಯಕ್ಕೆ ಕಾರಣವಿತ್ತು. ಆಗಸ್ಟಿನಲ್ಲಿ ಜೌಗುನೆಲದ ತುಂಬ ಬೇಕ್‌ಆಪಲ್ ಎಂಬ ಕಿತ್ತಳೆ ಬಣ್ಣದ ಪುಟ್ಟ ಕಾಡುಹಣ್ಣು ಮಾಗುತ್ತದೆ. ತಮ್ಮ ಹಣ್ಣಿನ ಜಾಗದ ಬಗ್ಗೆ ನಮ್ಮಲ್ಲಿ ಯಾರೂ ಬಾಯಿಬಿಡುವುದಿಲ್ಲ. ಎಫಿಯ ಜಾಗ ಅವಳ ಅಜ್ಜಿ ತೋರಿಸಿಕೊಟ್ಟದ್ದು. ಸ್ವಂತ ತಂಗಿಗೂ ಗೊತ್ತಿಲ್ಲ. ಮದುವೆಯಾಗಿ ಹನ್ನೊಂದು ವರ್ಷ ಕಳೆದ ಮೇಲೆ ನನಗೆ ತೋರಿಸಿದಳು. ಅಲ್ಲಿ ಬಂಡಿ ಕೆಟ್ಟರೆ ಎಳೆಯಲು ಬರಬೇಕಾದವನು ಸೆಲ್ಬಿ.

ನಾನು ಬಂಡಿಯ ಹೊಟ್ಟೆ ಬಿಚ್ಚಿದೆ. ಆರು ಅಚ್ಚು, ಅಚ್ಚಿಗೆ ಎರಡು ಬೇರಿಂಗ್, ಪ್ರತಿ ಬೇರಿಂಗನ್ನೂ ಅಚ್ಚಿಗೆ ಕಚ್ಚಿಸಿ ಹಿಡಿಯುವ ಒಂದು ಉಕ್ಕಿನ ಬಳೆ. ಚೈನು ಕೂರುವ ಹಲ್ಲುಚಕ್ರಗಳನ್ನು, ಅಂದರೆ ಸ್ಪ್ರಾಕೆಟ್‌ಗಳನ್ನು, ಅಳತೆಪಟ್ಟಿ ಇಟ್ಟು ಒಂದೇ ಸಾಲಿಗೆ ತಂದೆ. ಹನ್ನೆರಡು ಬಳೆಗಳನ್ನೂ ಗಡಿಯಾರದ ಮುಳ್ಳಿನ ದಿಕ್ಕಿಗೇ ಬಿಗಿದೆ. ಎಲ್ಲವನ್ನೂ ನೋಟ್‌ಪುಸ್ತಕದಲ್ಲಿ ಬರೆದೆ. ಬರೆದಿಡದ ಯಾವ ಕೆಲಸದ ಮೇಲೂ ನನಗೆ ನಂಬಿಕೆಯಿಲ್ಲ.

ಹೋಗುವಾಗ ಬಂಡಿ ಹಾಡುತ್ತ ಹೋಯಿತು. ಮೂರು ಬಕೆಟ್ ಹಣ್ಣು ತುಂಬಿ, ಮರಳುವಾಗ ಕೆರೆಗಿಳಿದೆವು. ನಡುನೀರಿನಲ್ಲಿ ಎಡಗಡೆಯಿಂದ ಕಟಕಟ ಸದ್ದು. ಆಮೇಲೆ ಎಡದ ಮೂರು ಗಾಲಿಗಳು ನಿಂತವು, ಬಲದವು ನಿಲ್ಲಲಿಲ್ಲ. ಬಂಡಿ ಗಾಣದ ಎತ್ತಿನಂತೆ ಸುತ್ತತೊಡಗಿತು.

"ಇದೂ ಭೌತಶಾಸ್ತ್ರನಾ?" ಎಂದಳು ಎಫಿ, ನಾಲ್ಕನೇ ಸುತ್ತಿನಲ್ಲಿ.

"ಸೆಲ್ಬಿಗೆ ಫೋನ್ ಮಾಡಲಾ?" ಎಂದೆ.

"ಇಲ್ಲಿಗಾ? ಅದಕ್ಕಿಂತ ಮುಳುಗಿ ಸಾಯೋಣ."

ಹೀಗಾಗಿ ಇಂಜಿನ್ ಆರಿಸಿ, ಬಕೆಟ್ಟಿನ ಮುಚ್ಚಳಗಳನ್ನೇ ಹುಟ್ಟು ಮಾಡಿಕೊಂಡು ಎರಡು ಗಂಟೆ ನೀರು ತಳ್ಳಿದೆವು. ಒಂದೂ ಹಣ್ಣು ಬೆಳೆಯದ ಆಚೆ ದಡ ಮುಟ್ಟಿ, ಬಕೆಟ್‌ಗಳನ್ನು ಪೊದೆಯಲ್ಲಿ ಅಡಗಿಸಿ, ಆಮೇಲೆ ಫೋನ್ ಮಾಡಿದೆವು.

ಸೆಲ್ಬಿ ಬಂದು ಬಗ್ಗಿ ನೋಡಿದ. "ಬಳೆ ಬಿಗಿಯೋದು ಗಾಲಿ ತಿರುಗೋ ದಿಕ್ಕಿಗೆ ಮಾಸ್ತರೇ. ಬಲಗಡೇದು ಗಡಿಯಾರದ ಹಾಗೆ, ಎಡಗಡೇದು ಉಲ್ಟಾ. ಎಡಗಡೆ ನೀವು ಬಿಗಿದಿಲ್ಲ, ಬಿಚ್ಚಿಕೊಳ್ಳೋ ವ್ಯವಸ್ಥೆ ಮಾಡಿದೀರ. ಅಚ್ಚು ಜಾರಿದೆ, ಹಲ್ಲುಚಕ್ರ ಸಾಲು ತಪ್ಪಿದೆ, ಚೈನು ಕಳಚಿದೆ."

ನನಗೆ ಅವಮಾನವಾಯಿತು. ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲವೆಂದು ತೋರಿಸಲು ನೋಟ್‌ಪುಸ್ತಕವನ್ನು ಅವನ ಕೈಗಿಟ್ಟೆ. ಅವನು ಬಳೆಗಳ ಪುಟ ಓದಿದ. ಮೆಚ್ಚಿಗೆಯಾಯಿತೇನೋ, ಮುಂದಿನ ಪುಟಗಳನ್ನೂ ಓದಿದ.

ಈ ಆಗಸ್ಟಿನಲ್ಲಿ ನಾವು ಹೋದಾಗ, ಅಜ್ಜಿಯ ಜಾಗದ ನಟ್ಟನಡುವೆ ಸೆಲ್ಬಿ ಬಕೆಟ್ ಬೋರಲು ಹಾಕಿಕೊಂಡು ಕೂತು ಹಣ್ಣು ತಿನ್ನುತ್ತಿದ್ದ.

"ನಿಮ್ಮ ಪುಸ್ತಕ ಭಾರಿ ನಿಖರ ಮಾಸ್ತರೇ. ಮೂರನೇ ಕೆರೆಯಿಂದ ಈಶಾನ್ಯಕ್ಕೆ ನಾನೂರ ಹತ್ತು ಹೆಜ್ಜೆ ಅಂತಿತ್ತು. ನನಗೆ ನಾನೂರ ಹನ್ನೆರಡಾಯ್ತು. ಕಾಲು ಸ್ವಲ್ಪ ಗಿಡ್ಡ ನೋಡಿ."

ಎಫಿ ಕೂಗಾಡಲಿಲ್ಲ. ನನ್ನ ಮುಂದೆ ಕೈ ಚಾಚಿದಳು. "ಪುಸ್ತಕ ಇಲ್ಲಿ ಕೊಡು."

ಕೊಟ್ಟೆ. ಕೈ ಹಾಗೆಯೇ ಚಾಚಿತ್ತು.

"ಪೆನ್ನೂ."