ಒಂದು ಅಕೌಂಟು, ಎರಡು ಫೋನು, ಮೂರು ಹೊತ್ತೂ ಪಾಸ್‌ವರ್ಡು

ಕಟ್ಟಿಕೊಂಡ ಹೆಂಡತಿಯ ಮೇಲೆ ದೂರು ಕೊಡಲು ನಾನು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದೆ. ಯಾಕಿರಬಹುದು, ಊಹಿಸಿ ನೋಡೋಣ. ಜಗಳವಾ? ಅಲ್ಲ. ಸೈಟಿನ ತಕರಾರಾ? ನಮ್ಮ ಚಿಕ್ಕಲಸಂದ್ರದಲ್ಲಿ ಅದು ಸಾಮಾನ್ಯ, ಆದರೆ ಅದೂ ಅಲ್ಲ. ಬಿಡಿ, ನಿಮ್ಮ ಕೈಲಾಗಲ್ಲ, ನಾನೇ ಹೇಳ್ತೀನಿ. ರಿಟೈರ್ ಆದಮೇಲೆ ಇಂಥದ್ದನ್ನೆಲ್ಲ ಹೇಳ್ಕೊಂಡು ತಿರುಗೋದು ಬಿಟ್ಟರೆ ನನಗೆ ಬೇರೆ ಕೆಲಸವೂ ಇಲ್ಲ. ಸ್ಮಾರ್ಟ್‌ಫೋನು ಬಂದ ಮೇಲೆ ನಮ್ಮ ಮನೆಯಲ್ಲಿ ಹೇಳೋದಕ್ಕೆ ಕೊರತೆಯೂ ಇಲ್ಲ.

ಗ್ರಾಮದೇವತೆಯೇ ಫೇಲು

ಜಯನಗರ ಫೋರ್ತ್ ಬ್ಲಾಕಿನ ಅಂಗಡಿಯಲ್ಲಿ ನನಗೊಂದು, ನನ್ನ ಹೆಂಡತಿಗೊಂದು ಫೋನು ತಗೊಂಡೆ. ಅಂಗಡಿಯಾತ, "ಸಾರ್, ಇಬ್ಬರಿಗೂ ಒಂದೇ ಕ್ಲೌಡ್ ಅಕೌಂಟ್ ಮಾಡಿಬಿಡ್ತೀನಿ. ನೀವು ತೆಗೆದ ಫೋಟೋ ಮೇಡಂ ಫೋನಲ್ಲೂ ಕಾಣುತ್ತೆ" ಅಂದ. ಬ್ಯಾಂಕಿನಲ್ಲೂ ಜಾಯಿಂಟ್ ಅಕೌಂಟೇ ಇಟ್ಟುಕೊಂಡು ಬಾಳಿದವರು ನಾವು. ಸಂತೋಷವಾಗಿ ಒಪ್ಪಿಕೊಂಡೆವು.

ಆ ಅಕೌಂಟಿನಲ್ಲಿ ಒಂದು ಆಸ್ತಿ ಸೇರಿಕೊಂಡಿತು. ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ನನ್ನ ಹೆಂಡತಿ ಜೀವಮಾನದಲ್ಲಿ ಮೊದಲ ಸಲ ಸ್ಟೇಜು ಹತ್ತಿ, ಮೈಕಿನ ಮುಂದೆ ನಿಂತು, ಅವರಮ್ಮ ಹೇಳಿಕೊಟ್ಟ ಸೋಬಾನೆ ಪದ ಹಾಡಿದಳು. ವಿಡಿಯೋ ತೆಗೆದದ್ದು ನಾನೊಬ್ಬನೇ. ಆಮೇಲೆ ಫೋನು, "ಜಾಗ ತುಂಬಿದೆ, ವಿಡಿಯೋ ಕ್ಲೌಡಿನಲ್ಲಿ ಭದ್ರವಾಗಿದೆ, ಇಲ್ಲಿಂದ ತೆಗೆಯಲೇ?" ಅಂತ ಕೇಳಿತು. ತೆಗಿ ಅಂದೆ.

ಅರೆಕೆರೆಯಲ್ಲಿ ನನ್ನ ಹೆಂಡತಿಯ ಅಕ್ಕ ಇದ್ದಾರೆ. ಚಿಕ್ಕಂದಿನಿಂದ ತಂಗಿಯನ್ನು ಆಡಿಕೊಂಡು ಬಂದವರು. ಸುದ್ದಿ ಕೇಳಿ ತಮ್ಮ ಹಳೇ ಬಟನ್ ಫೋನಿನಲ್ಲೇ ನಕ್ಕರು. "ನೀನಾ? ಸ್ಟೇಜಾ? ನೆಂಟರು ಬಂದ್ರೆ ಬಾಗಿಲ ಹಿಂದೆ ನಿಲ್ತಿದ್ದೋಳು ನೀನು! ಕಣ್ಣಾರೆ ನೋಡೋವರ್ಗೂ ನಾನ್ ನಂಬಲ್ಲ ಕಣೇ."

ಅವತ್ತಿನಿಂದ ನನ್ನ ಹೆಂಡತಿಗೆ ಒಂದೇ ಹಟ: ಅಕ್ಕನಿಗೆ ಆ ವಿಡಿಯೋ ತೋರಿಸಬೇಕು. ಫೋನಿಗೂ ಒಂದೇ ಹಟ: ಪಾಸ್‌ವರ್ಡು ಹೇಳಬೇಕು. ಅಂಗಡಿಯವನು ಹಾಕಿಕೊಟ್ಟಿದ್ದ ಪಾಸ್‌ವರ್ಡು ನಮಗಿಬ್ಬರಿಗೂ ನೆನಪಿರಲಿಲ್ಲ. ಮರೆತವರಿಗಾಗಿಯೇ ಇರುವ ಬಟನ್ ಒತ್ತಿ, ಹೊಸದಾಗಿ ನಮ್ಮ ಗ್ರಾಮದೇವತೆ ಮಾರಮ್ಮನ ಹೆಸರು ಹಾಕಿದೆ. ಅದಕ್ಕೆ ಫೋನು ಕೆಂಪಕ್ಷರದಲ್ಲಿ, "ಬಹಳ ದುರ್ಬಲ" ಅಂತ ಬರೆಯಿತು.

ಹೆಂಡತಿಗೆ ಓದಿ ಹೇಳಿದೆ. ಮುದ್ದೆಕೋಲು ಹಿಡಿದುಕೊಂಡೇ ಹೊರಗೆ ಬಂದಳು. "ಯಾರು? ಊರು ಕಾಯೋ ತಾಯಿ ದುರ್ಬಲಾನಾ? ರೀ, ಕೆನ್ನೆ ಬಡ್ಕೊಳ್ಳಿ ಮೊದ್ಲು. ಫೋನಿಗೂ ಒಂದು ಬಡೀರಿ."

ಕಳ್ಳ ಸಿಕ್ಕಿದ

ಕೊನೆಗೆ ಅಂಕಿ, ಚುಕ್ಕಿ, ಬಾಲ ಎಲ್ಲ ಸೇರಿಸಿ ಏನೋ ಒಂದು ಹಾಕಿದೆ. ಮಾರನೆಯ ದಿನ ಮತ್ತೆ ಕೇಳಿತು. ಅದನ್ನೇ ಹಾಕಿದೆ. ತಪ್ಪು ಅಂತು. ಮತ್ತೆ ಬದಲಾಯಿಸಿದೆ. ಅದರ ಮಾರನೆಯ ದಿನ ಅದೂ ತಪ್ಪು! ಜೊತೆಗೊಂದು ಸಂದೇಶ: "ನಿಮ್ಮ ಪಾಸ್‌ವರ್ಡನ್ನು ಬೆಂಗಳೂರಿನಿಂದ ಬದಲಾಯಿಸಲಾಗಿದೆ."

ಯಾರೋ ಖದೀಮ ಒಳಗೆ ನುಗ್ಗಿದ್ದಾನೆ. ವಿಡಿಯೋ ಅಳಿಸಿಬಿಟ್ಟರೆ? ಹೆಂಡತಿಗೆ ಹೇಳಿದರೆ ಗಾಬರಿಯಾಗ್ತಾಳೆ ಅಂತ ಅವಳಿಗೆ ತಿಳಿಸದೆ ಸೀದಾ ಸ್ಟೇಷನ್ನಿಗೆ ಹೋದೆ.

ಇನ್‌ಸ್ಪೆಕ್ಟರು ಸಮಾಧಾನಸ್ಥರು. "ಯಾವಾಗ ಆಗುತ್ತೆ ಸಾರ್ ಇದು?"

"ದಿನಾ ಸಾಯಂಕಾಲ. ಸೀರಿಯಲ್ ಮುಗಿಯೋ ಹೊತ್ತಿಗೆ."

"ಯಾರ ಮೇಲಾದ್ರೂ ಅನುಮಾನ?"

"ಯಾರೋ ದೊಡ್ಡ ಗ್ಯಾಂಗ್ ಇರಬೇಕು ಸಾರ್. ಬಿಡಬೇಡಿ. ಹೆಡೆಮುರಿ ಕಟ್ಟಿ ಎಳ್ಕೊಂಡು ಬನ್ನಿ."

ಅವರು ನನ್ನ ಫೋನು ಇಸ್ಕೊಂಡು ಸಂದೇಶವನ್ನು ಪೂರ್ತಿ ಕೆಳಗಿನವರೆಗೆ ಓದಿದರು. ನಾನು ಓದಿರಲಿಲ್ಲ. ಬದಲಾಯಿಸಿದ ಫೋನು ಯಾವುದು ಅಂತ ಅಲ್ಲೇ ಬರೆದಿತ್ತು, ಫೋನಿನ ಒಡತಿಯ ಹೆಸರಿನ ಸಮೇತ. "ಈ ಹೆಣ್ಮಗಳು ಯಾರು ಸಾರ್?" ಅಂತ ಫೋನು ತಿರುಗಿಸಿ ತೋರಿಸಿದರು.

ನಾನು ಹಾಲ್‌ನಲ್ಲಿ ಕೂತು ಪಾಸ್‌ವರ್ಡು ಬದಲಾಯಿಸಿದ ಕೂಡಲೇ ಅಡುಗೆಮನೆಯಲ್ಲಿ ಅವಳ ಫೋನು ಹೊಸದು ಕೊಡು ಅನ್ನುತ್ತಿತ್ತು. ಅವಳು ಪಾಪ, ತನ್ನ ಫೋನು ಕೆಟ್ಟಿದೆ ಅಂದುಕೊಂಡು, ನಾನು ಬೈತೀನಿ ಅಂತ ಹೆದರಿ, ಸದ್ದಿಲ್ಲದೆ ಅವಳೂ ಬದಲಾಯಿಸುತ್ತಿದ್ದಳು. ಆಗ ನನ್ನದು ಕೇಳುತ್ತಿತ್ತು.

ಇನ್‌ಸ್ಪೆಕ್ಟರು ನಗು ತಡೆದುಕೊಂಡು, "ಕಂಪ್ಲೇಂಟ್ ಬರ್ಕೊಳ್ಳೋದಾ ಸಾರ್? ಹೆಡೆಮುರಿ ಕಟ್ಟಬೇಕು ಅಂದ್ರಲ್ಲ?" ಅಂದರು.

"ಬೇಡ ಸಾರ್," ಅಂದೆ. "ಮಧ್ಯಾಹ್ನದ ಅಡುಗೆ ಇನ್ನೂ ಆಗಿಲ್ಲ."

ಸೆರಗಿನ ಮರೆಯಲ್ಲಿ

ಮನೆಗೆ ಬಂದು ರಾಜಿಯಾದೆವು. ಇನ್ನು ಪಾಸ್‌ವರ್ಡು ಅವಳೊಬ್ಬಳೇ ಇಡುವುದು, ನಾನು ಮುಟ್ಟುವ ಹಾಗಿಲ್ಲ.

"ಸರಿ, ಏನಿಟ್ಟೆ?"

"ಇಟ್ಟಿದೀನಿ ಬಿಡಿ."

"ಏನು ಅಂತ ಹೇಳೇ."

"ಕೇಳಿದಾಗ ತಗೊಂಡ್ ಬನ್ನಿ, ಹಾಕ್ಕೊಡ್ತೀನಿ. ನಿಮಗ್ಯಾಕೆ ಅದೆಲ್ಲ?" ಮುಖ ಆ ಕಡೆ ತಿರುಗಿಸಿದಳು. ಕಿವಿ ಕೆಂಪಗಾಗಿತ್ತು. ನಾನು ಗಮನಿಸಿದೆ, ಆದರೆ ಅರ್ಥವಾಗಲಿಲ್ಲ.

ನನ್ನ ಫೋನಿಗೆ ಅದೇನು ರೋಗವೋ, ಕೇಳುವುದನ್ನಂತೂ ಬಿಡಲಿಲ್ಲ. ಬನಶಂಕರಿಯ ಒಂದು ಛತ್ರದಲ್ಲಿ ಮದುವೆ. ಅವಳು ಹೆಂಗಸರ ನಡುವೆ ಕೂತಿದ್ದಳು. ಗಂಡು ಹೆಣ್ಣಿನ ಫೋಟೋ ತೆಗೆದೆ, ಫೋನು ಪಾಸ್‌ವರ್ಡು ಅಂತು. ಕುರ್ಚಿಗಳ ಮಧ್ಯೆ ನುಸುಳಿಕೊಂಡು ಹೋಗಿ ಅವಳ ಕೈಗೆ ಕೊಟ್ಟೆ. ಅವಳು ಸೆರಗು ಮರೆ ಮಾಡಿಕೊಂಡು, ತಲೆ ಬಗ್ಗಿಸಿ, ನಾಚಿಕೊಂಡು ಒಂದೊಂದೇ ಅಕ್ಷರ ಒತ್ತಿ ವಾಪಸ್ ಕೊಟ್ಟಳು. ಧಾರೆಯ ಹೊತ್ತಿಗೆ ಮತ್ತೆ ಹೋದೆ. ಊಟದ ಪಂಕ್ತಿಯಲ್ಲಿ ಮತ್ತೆ ಹೋದೆ.

ಅವಳ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಸೊಸೆಯ ಪಕ್ಕೆ ತಿವಿದು ಹೇಳಿದರು: "ನೋಡೇ, ಈ ವಯಸ್ಸಲ್ಲೂ ಗಳಿಗೆಗೊಂದ್ ಸಲ ಬಂದು ಹೆಂಡ್ತಿ ಮುಖ ನೋಡ್ಕೊಂಡ್ ಹೋಗ್ತಾನೆ. ನನ್ ಮಗನೂ ಇದಾನೆ, ಮೇಲೇಳಲ್ಲ."

ಅರೆಕೆರೆಯಿಂದ ಅಕ್ಕ ಬಂದರು

ಕಡೆಗೂ ಒಂದು ದಿನ ಅಕ್ಕ ಊಟಕ್ಕೆ ಬಂದರು. ಬೆಳಕು ಹರಿಯುವ ಮುಂಚೆ ಕ್ಯೂ ನಿಂತು ನಾನೇ ಮಟನ್ ತಂದಿದ್ದೆ. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಟೀಚರಮ್ಮನನ್ನೂ ಕರೆದಿದ್ದೆವು. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡ ಅಕ್ಕ, "ಎಲ್ಲೇ ನಿನ್ ವಿಡಿಯೋ?" ಅಂದರು.

ನನ್ನ ಹೆಂಡತಿ ಫೋನು ತಂದಳು. ಫೋನು ಪಾಸ್‌ವರ್ಡು ಕೇಳಿತು. ಅವಳ ಕನ್ನಡಕದ ಮೇಲೆ ನಾನು ಬೆಳಿಗ್ಗೆಯಷ್ಟೇ ಕೂತು ಮುರಿದಿದ್ದೆ. ಕಣ್ಣು ಕಿರಿದು ಮಾಡಿಕೊಂಡು ಅಂದಾಜಿನಲ್ಲಿ ಒತ್ತಿದಳು, ತಪ್ಪು. ಮತ್ತೆ ಒತ್ತಿದಳು, ತಪ್ಪು. ಇನ್ನೊಂದು ಸಲ ತಪ್ಪಿದರೆ ಅಕೌಂಟಿಗೆ ಬೀಗ ಅಂತ ಬಂತು.

"ಹೇಳಿ ಆಂಟಿ, ನಾನು ಒತ್ತುತೀನಿ" ಅಂದರು ಟೀಚರಮ್ಮ.

"ಬೇಡಮ್ಮ."

"ಹೇಳೇ," ಅಂದೆ ನಾನು.

"ಹೇಳಕ್ಕಾಗಲ್ಲ ರೀ."

ಅಕ್ಕ ತೊಡೆ ತಟ್ಟಿ ನಕ್ಕರು. "ನಂಗೊತ್ತಿತ್ತು! ಹಾಡಿದ್ರೆ ತಾನೇ ವಿಡಿಯೋ ಇರೋದು! ಬಾಗಿಲ ಹಿಂದೆ ನಿಂತ್ಕೊಂಡ್ ಹಾಡಿದ್ಯೇನೋ!"

ನನ್ನ ಹೆಂಡತಿಯ ಕಣ್ಣಲ್ಲಿ ನೀರೇ ಬಂತು. ನನಗೆ ತಡೆಯಲಾಗಲಿಲ್ಲ. "ಅಂಥದ್ದೇನಿಟ್ಟಿದೀಯೇ? ಯಾರ ಹೆಸರಿಟ್ಟಿದೀಯ?" ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ.

ಅವಳು ಟೀಚರಮ್ಮನ ಕೈ ಹಿಡಿದು, ದರದರನೆ ಎಳೆದುಕೊಂಡು, ಆ ಸುಡುಬಿಸಿಲಿನಲ್ಲಿ ಗೇಟಿನ ಹತ್ತಿರ ಹೋದಳು. ನಾವೂ ಹಿಂದೆಯೇ ಓಡಿದೆವು. ಕಾಂಪೌಂಡಿನ ಗೋಡೆಯ ಮೇಲೆ, ಮನೆ ಕಟ್ಟಿದಾಗ ಇಂಗ್ಲಿಷ್ ಅಕ್ಷರದಲ್ಲಿ ಕೆತ್ತಿಸಿದ ಕಲ್ಲು. ಅದರ ಕಡೆ ಬೆರಳು ತೋರಿಸಿ, "ಇದು" ಅಂದಳು.

ನನ್ನ ಹೆಸರು.

ನಮ್ಮ ಕಡೆ ಹಳೇ ಕಾಲದ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಮದುವೆಯಾದಾಗಿನಿಂದ ಇವಳು ನನ್ನನ್ನು "ರೀ" ಅಂದವಳೇ ಹೊರತು ಹೆಸರೆತ್ತಿದವಳಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲವಲ್ಲ, ಕಲ್ಲು ನೋಡಿಕೊಂಡು ಒಂದೊಂದೇ ಅಕ್ಷರ ಒತ್ತಿ ಇಟ್ಟಿದ್ದಾಳೆ. ಯಾವ ಕಳ್ಳ ಬಂದು ಹೆದರಿಸಿದರೂ ಬಾಯಿಂದ ಹೊರಡದ ಪಾಸ್‌ವರ್ಡು!

ಟೀಚರಮ್ಮ ಕಲ್ಲು ನೋಡುತ್ತಾ ಒತ್ತುತ್ತಿದ್ದವರು ನಡುವೆ ನಿಲ್ಲಿಸಿದರು. "ಆಂಟಿ, ಕೊನೇಲಿ ಬಿ.ಎಸ್‌ಸಿ. ಅಂತಿದೆ. ಅದನ್ನೂ ಸೇರಿಸಬೇಕಾ?"

"ಸೇರಿಸಮ್ಮ," ಅಂದಳು ನನ್ನ ಹೆಂಡತಿ ನೆಲ ನೋಡುತ್ತಾ. "ಅಷ್ಟು ಓದಿದಾರಲ್ಲ."

ಅಕೌಂಟು ತೆರೆಯಿತು. ಗೇಟಿನ ನೆರಳಿನಲ್ಲಿ ಅಕ್ಕ ವಿಡಿಯೋ ನೋಡಿದರು. ಮೊದಲ ಸಾಲಿಗೆ ನಗು ನಿಂತಿತು. ಎರಡನೆಯ ಸಾಲಿಗೆ ತುಟಿ ಆಡಿತು. ಮೂರನೆಯದಕ್ಕೆ ಅವರೂ ತಂಗಿಯ ಭುಜ ಹಿಡಿದುಕೊಂಡು ಸೊಲ್ಲೆತ್ತಿ ಹಾಡಿದರು. ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಅವ್ವನ ಗಂಟಲೇ ಕಣೇ ನಿಂದು" ಅಂದರು. ಆಮೇಲೆ ಸುಮ್ಮನಿರಬೇಕಲ್ಲ? "ಆದ್ರೆ ಅರ್ಧ ವಿಡಿಯೋ ನಿನ್ ಗಂಡನ ಹೆಬ್ಬೆರಳೇ ಇದೆಯಲ್ಲೇ!"

ಅವತ್ತಿನಿಂದ ಫೋನು ದಿನಾ ತಪ್ಪದೆ ಪಾಸ್‌ವರ್ಡು ಕೇಳುತ್ತಿದೆ. ಪಾಸ್‌ವರ್ಡು ನನಗೀಗ ಗೊತ್ತು, ಆದರೂ ಅವಳ ಕೈಗೇ ಕೊಡುತ್ತೇನೆ. ಅವಳು ದಿನಾ ನನ್ನ ಹೆಸರು ಬರೆಯುತ್ತಾಳೆ, ಡಿಗ್ರಿ ಸಮೇತ. ಟೀಚರಮ್ಮ ಕೇಳಿದರು, "ರಿಪೇರಿ ಮಾಡಿಸಬಾರದಾ ಅಂಕಲ್?" ಏನು ಮಾಡಿಸಿದರೂ ಪ್ರಯೋಜನವಿಲ್ಲ ಅಂದೆ. ವರ್ಷದಲ್ಲಿ ಆ ಒಂದು ದಿನ ಏನು ಮಾಡ್ತೀವೋ ವರ್ಷಪೂರ್ತಿ ಅದೇ ನಡೆಯುತ್ತೆ ಅಂತ ನಮ್ಮವರ ನಂಬಿಕೆ. ಅಕ್ಕ ಊಟಕ್ಕೆ ಬಂದು ಇದೆಲ್ಲ ನಡೆದದ್ದು ಯುಗಾದಿಯ ಮಾರನೆಯ ದಿನ, ಹೊಸತೊಡಕಿನಂದು.